ಸೋತವನಿಗೂ ಕಾಣುವ ತೀರ್ಪು

2021ರ ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಬಂದ ಒಂದು ಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಉಳ್ಳಾಲದ ಕೆ.ಸಿ. ರೋಡಿನಲ್ಲಿ ಶಾಲೆಗೆ ಹೋಗುವ ಪ್ರಾಯದ ಒಬ್ಬ ಹುಡುಗ ಸಂಜೆ ಮನೆಯಿಂದ ಹೊರಗೆ ಹೋದವನು ಮರಳಲಿಲ್ಲ. ಮರುದಿನ ಅವನ ಶವ ಸಿಕ್ಕಿತು. ಪೊಲೀಸರು ಹಿಡಿದದ್ದು ಅವನ ಜೊತೆ ಪಬ್‌ಜಿ ಎಂಬ ಮೊಬೈಲ್ ಆಟ ಆಡುತ್ತಿದ್ದ, ಇನ್ನೂ ಹದಿನೆಂಟು ತುಂಬದ ಮತ್ತೊಬ್ಬ ಹುಡುಗನನ್ನು. ಪೊಲೀಸರು ಆಗ ಹೇಳಿದ ಪ್ರಕಾರ ಜಗಳದ ಬೇರು ಇಷ್ಟೇ. ಚಿಕ್ಕವನು ಆನ್‌ಲೈನಿನಲ್ಲಿ ಆಡಿದಾಗೆಲ್ಲ ಗೆಲ್ಲುತ್ತಿದ್ದ. ಅವನ ಹೆಸರಿನಲ್ಲಿ ಬೇರೆ ಯಾರೋ ಆಡುತ್ತಿದ್ದಾರೆ ಎಂದು ದೊಡ್ಡವನಿಗೆ ಅನುಮಾನ. ಹಾಗಾದರೆ ಪಕ್ಕಪಕ್ಕ ಕೂತೇ ಆಡುವ ಎಂದು ಸವಾಲು. ಆಡಿದರು. ಚಿಕ್ಕವನು ಸೋತ. ಮಾತಿಗೆ ಮಾತು ಬೆಳೆಯಿತು, ಕೈಗೆ ಕಲ್ಲು ಬಂತು.

ಆ ದಿನಗಳಲ್ಲಿ ಕಲ್ಲಡ್ಕದಲ್ಲೂ ಬಿ.ಸಿ. ರೋಡಿನಲ್ಲೂ ಎಲ್ಲರ ಬಾಯಲ್ಲಿ ಇದ್ದದ್ದು ಮೊಬೈಲ್ ಚಟದ ಮಾತು. ಅದು ಆಡಬೇಕಾದ ಮಾತೇ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ಅನುಮಾನ. ಎದುರಿನವನು ಮೋಸ ಮಾಡುತ್ತಿದ್ದಾನೆಯೇ ಇಲ್ಲವೇ ಎಂದು ತಿಳಿಯಲು ಆ ಮಕ್ಕಳ ಬಳಿ ಯಾವ ದಾರಿ ಇತ್ತು? ಆ ಆಟವನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲೇ ನಿಷೇಧಿಸಿತ್ತು. ಹುಡುಗರು ಹೇಗೋ ಆಡುತ್ತಲೇ ಇದ್ದರು. ನಿಷೇಧವಾದ ಆಟದ ಬಗ್ಗೆ ಯಾರಿಗೆ ದೂರು ಕೊಡುವುದು? ಕೊಟ್ಟರೂ ಕೇಳುವವರು ಯಾರು? ಅನುಮಾನ ಇಬ್ಬರ ನಡುವೆಯೇ ಉಳಿಯಿತು, ಅಲ್ಲೇ ಕುದಿಯಿತು.

ಇಂದು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆಯೇ. ಹಲವರು ಒಟ್ಟಿಗೆ ಆಡುವ ಆನ್‌ಲೈನ್ ಆಟಗಳಲ್ಲಿ ಮೋಸ ಹೇಗೆ ನಡೆಯುತ್ತದೆ, ಅದನ್ನು ಹಿಡಿಯುವುದು ಹೇಗೆ, ಹಿಡಿದೆವು ಎಂದಾಗ ಅದನ್ನು ನಂಬುವುದು ಹೇಗೆ.

ಮೊದಲು ಆಟ ನಡೆಯುವ ಜಾಗ ಯಾವುದು ಎಂದು ತಿಳಿಯಬೇಕು. ಕಲ್ಲಡ್ಕದ ಒಬ್ಬ ಹುಡುಗ, ಮೂಡುಬಿದಿರೆಯ ಹಾಸ್ಟೆಲಿನಲ್ಲಿರುವ ಅವನ ಗೆಳೆಯ, ಗುರುತೇ ಇಲ್ಲದ ಇನ್ನೂ ತೊಂಬತ್ತೆಂಟು ಮಂದಿ, ಎಲ್ಲರೂ ಒಂದೇ ದ್ವೀಪದಲ್ಲಿ ಇಳಿದು ಹೊಡೆದಾಡುತ್ತಾರೆ ಎಂದುಕೊಳ್ಳಿ. ಆ ದ್ವೀಪ ಯಾರ ಫೋನಿನಲ್ಲೂ ಇಲ್ಲ. ದೂರದ ಯಾವುದೋ ಕಟ್ಟಡದೊಳಗಿನ ಸರ್ವರ್ ಎಂಬ ಕಂಪ್ಯೂಟರಿನಲ್ಲಿದೆ. ಯಾರು ಎಲ್ಲಿದ್ದಾರೆ, ಯಾರ ಗುಂಡು ಯಾರಿಗೆ ತಾಗಿತು, ಯಾರ ಜೀವ ಎಷ್ಟು ಉಳಿದಿದೆ ಎಂಬ ಲೆಕ್ಕ ಅಲ್ಲಿರುತ್ತದೆ. ಕೆಲವು ಆಟಗಳಲ್ಲಿ ಈ ಲೆಕ್ಕ ಸೆಕೆಂಡಿಗೆ 128 ಬಾರಿ ಹೊಸದಾಗುತ್ತದೆ. ನಮ್ಮ ಫೋನು ಆ ಲೆಕ್ಕದ ಒಂದು ಚಿತ್ರವನ್ನು ತೋರಿಸುತ್ತದೆ, ಅಷ್ಟೇ.

ಸರ್ವರ್ ಕಟ್ಟುವವರ ಮೊದಲ ನಿಯಮವೆಂದರೆ ಆಟಗಾರನ ಕೈಯಲ್ಲಿರುವ ಯಂತ್ರವನ್ನು ನಂಬಬಾರದು. ಫೋನು "ನಾನು ಮುಂದೆ ಹೋಗುವ ಗುಂಡಿ ಒತ್ತಿದೆ, ಈ ದಿಕ್ಕಿಗೆ ಗುಂಡು ಹಾರಿಸಿದೆ" ಎಂದು ಮಾತ್ರ ಹೇಳಬೇಕು. ಗುಂಡು ತಾಗಿತೇ ಎಂದು ತೀರ್ಮಾನಿಸುವುದು ಸರ್ವರಿನ ಕೆಲಸ. ಫೋನೇ "ನಾನು ಅವನನ್ನು ಹೊಡೆದೆ" ಎಂದು ಹೇಳಿ, ಸರ್ವರ್ ಅದನ್ನು ಹಾಗೆಯೇ ಬರೆದುಕೊಂಡರೆ, ಫೋನಿನೊಳಗಿನ ಆಟವನ್ನು ತಿದ್ದಿದವನೇ ಅಲ್ಲಿ ರಾಜ. ಒಂದು ಸೆಕೆಂಡಿನಲ್ಲಿ ಮುನ್ನೂರು ಮೀಟರ್ ಓಡಿದೆ ಎಂದು ಫೋನು ಹೇಳಿದಾಗ, ಮನುಷ್ಯ ಹಾಗೆ ಓಡಲಾರ ಎಂದು ತಳ್ಳಿಹಾಕುವ ಬುದ್ಧಿ ಸರ್ವರಿಗೆ ಇರಬೇಕು.

ಹೇಳಲು ಇದು ಸುಲಭ. ತೊಂದರೆ ಬರುವುದು ನೆಟ್‌ವರ್ಕಿನಿಂದ. ಗುಂಡಿ ಒತ್ತಿದ ಸಂದೇಶ ಸರ್ವರಿಗೆ ಹೋಗಿ, ಉತ್ತರ ಬರುವ ತನಕ ಫೋನು ಕಾಯುತ್ತಾ ಕೂತರೆ ಆಟ ಜಗ್ಗುತ್ತದೆ. ಅದಕ್ಕಾಗಿ ಫೋನು ತಾನೇ ಮುಂದಿನದನ್ನು ಊಹಿಸಿ ತೋರಿಸುತ್ತದೆ, ಸರ್ವರ್ ಹಿಂದಿನಿಂದ ತಿದ್ದುತ್ತದೆ. ಬೆಳ್ತಂಗಡಿಯಲ್ಲಿ ಘಟ್ಟದ ಬುಡದ ತೋಟದಮನೆಯಿಂದ ಆಡುವವನಿಗೆ ಸಿಗ್ನಲ್ ಒಮ್ಮೆ ಬಂದು ಒಮ್ಮೆ ಹೋಗುತ್ತದೆ. ಎದುರಿನವನ ಪರದೆಯಲ್ಲಿ ಅವನು ಒಂದು ಮರದ ಬಳಿ ನಿಂತಿದ್ದವನು ತಟ್ಟನೆ ಮತ್ತೊಂದು ಮರದ ಬಳಿ ಕಾಣುತ್ತಾನೆ. "ಅವ ಹ್ಯಾಕರ್ ಮಾರಾಯ" ಎಂಬ ಕೂಗು ಏಳುತ್ತದೆ. ಪಾಪ, ಅವನು ಮಾಡಿದ ತಪ್ಪು ಟವರ್ ಇಲ್ಲದ ಕಡೆ ಹುಟ್ಟಿದ್ದು. ಇಂಥವರನ್ನು ಹೊರಗೆ ಹಾಕಬಾರದೆಂದು ಸರ್ವರ್ ಸ್ವಲ್ಪ ಸಡಿಲ ಬಿಡಲೇಬೇಕು. ನಿಜವಾದ ಮೋಸಗಾರ ಆ ಸಡಿಲದೊಳಗೇ ಅಡಗಿಕೊಳ್ಳುತ್ತಾನೆ. ಬೇಕೆಂದೇ ತನ್ನ ನೆಟ್‌ವರ್ಕನ್ನು ಕ್ಷಣಕಾಲ ಕಡಿದು, ಎದುರಿನವರಿಗೆ ಕಾಣದಂತೆ ಜಾಗ ಬದಲಿಸುವವರೂ ಇದ್ದಾರೆ.

ಇನ್ನೊಂದು ಬಗೆಯ ಮೋಸ ಗೋಡೆಯಾಚೆ ನೋಡುವುದು. ಗೋಡೆಯ ಹಿಂದಿರುವ ಶತ್ರು ಹೊರಗೆ ಬಂದ ಕೂಡಲೇ ನಮ್ಮ ಪರದೆಯಲ್ಲಿ ಮೂಡಬೇಕಾದರೆ, ಅವನು ಎಲ್ಲಿದ್ದಾನೆ ಎಂಬ ಮಾಹಿತಿ ನಮ್ಮ ಯಂತ್ರಕ್ಕೆ ಮೊದಲೇ ಬಂದಿರಬೇಕು. ಬಂದ ಮಾಹಿತಿಯನ್ನು ಆಟ ಮುಚ್ಚಿಡುತ್ತದೆ, ಮೋಸದ ತಂತ್ರಾಂಶ ಅದನ್ನು ತೆರೆದು ತೋರಿಸುತ್ತದೆ. 2020ರಲ್ಲಿ ಬಂದ ವ್ಯಾಲೊರಂಟ್ ಎಂಬ ಆಟದವರು ಇದಕ್ಕೆ ಬೇರಿನಲ್ಲೇ ಮದ್ದು ಮಾಡಿದರು. ಶತ್ರು ಕಣ್ಣಿಗೆ ಬೀಳುವ ಹೊತ್ತು ಹತ್ತಿರವಾಗುವ ತನಕ ಅವನ ಜಾಗವನ್ನು ಸರ್ವರ್ ಕಳಿಸುವುದೇ ಇಲ್ಲ. ಇಲ್ಲದ ಮಾಹಿತಿಯನ್ನು ಕದಿಯಲು ಯಾರಿಂದಲೂ ಆಗದು. ಮೋಸ ತಡೆಯುವ ಉಪಾಯಗಳಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ಇದು. ಇದರಲ್ಲಿ ಯಾರ ಮೇಲೂ ಅನುಮಾನ ಪಡಬೇಕಾಗಿಲ್ಲ, ಯಾರ ಫೋನನ್ನೂ ತಡಕಾಡಬೇಕಾಗಿಲ್ಲ.

ಎಲ್ಲಕ್ಕಿಂತ ಕಷ್ಟ ಗುರಿ ಹಿಡಿಯುವ ಮೋಸ. ಆಟಗಾರನ ಬದಲು ತಂತ್ರಾಂಶವೇ ಬಂದೂಕನ್ನು ಶತ್ರುವಿನ ತಲೆಗೆ ತಿರುಗಿಸುತ್ತದೆ. ಸರ್ವರಿಗೆ ಕಾಣುವುದು ಒಬ್ಬ ಚುರುಕು ಆಟಗಾರ ಮಾತ್ರ. ಮನುಷ್ಯನಿಗೆ ಕಣ್ಣಿಗೆ ಕಂಡದ್ದಕ್ಕೆ ಕೈ ಆಡಿಸಲು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು. ಓಟದ ಸ್ಪರ್ಧೆಗಳಲ್ಲಿ ಪಿಸ್ತೂಲಿನ ಸದ್ದಾದ 0.1 ಸೆಕೆಂಡಿಗಿಂತ ಮೊದಲೇ ಹೊರಟವನನ್ನು ತಪ್ಪು ಆರಂಭವೆಂದು ಹಿಡಿಯುತ್ತಾರೆ. ಅಷ್ಟು ಬೇಗ ಮನುಷ್ಯನ ದೇಹ ಕೇಳಿಸಿಕೊಂಡು ಹೊರಡದು ಎಂಬ ಲೆಕ್ಕ. ಆಟದ ಸರ್ವರುಗಳೂ ಇಂಥದೇ ಲೆಕ್ಕ ಇಡುತ್ತವೆ. ಆದರೆ ಮೋಸದ ತಂತ್ರಾಂಶ ಬರೆಯುವವನಿಗೂ ಈ ಲೆಕ್ಕ ಗೊತ್ತು. ಅವನು ಬೇಕೆಂದೇ ಸ್ವಲ್ಪ ತಡ ಮಾಡಿಸುತ್ತಾನೆ, ನಡುನಡುವೆ ಗುರಿ ತಪ್ಪಿಸುತ್ತಾನೆ.

ಕೌಂಟರ್ ಸ್ಟ್ರೈಕ್ ಆಟದ ಒಡೆಯರಾದ ವಾಲ್ವ್ ಕಂಪನಿ ಇದಕ್ಕೆ ಎರಡು ಕಣ್ಣು ಇಟ್ಟಿತು. ಒಂದು, ಅನುಭವಿ ಆಟಗಾರರೇ ಕೂತು ದೂರು ಬಂದ ಆಟವನ್ನು ಮತ್ತೆ ನೋಡಿ ತೀರ್ಪು ಹೇಳುವ ವ್ಯವಸ್ಥೆ. ಇನ್ನೊಂದು, ಲಕ್ಷಗಟ್ಟಲೆ ಆಟಗಳಲ್ಲಿ ಹಾರಿದ ಗುಂಡುಗಳನ್ನು ನೋಡಿ ಕಲಿತ ಯಂತ್ರ. ಆ ಯಂತ್ರ ತಾನೇ ಶಿಕ್ಷೆ ಕೊಡುತ್ತಿರಲಿಲ್ಲ, ಅನುಮಾನ ಬಂದ ಆಟವನ್ನು ಮನುಷ್ಯರ ಮುಂದೆ ಇಡುತ್ತಿತ್ತು. 2018ರಲ್ಲಿ ಆ ಕಂಪನಿಯ ಎಂಜಿನಿಯರ್ ಒಬ್ಬರು ಒಂದು ಸಮ್ಮೇಳನದಲ್ಲಿ ಕೊಟ್ಟ ಅಂಕಿ ನಮ್ಮ ಮಕ್ಕಳು ಕೇಳಬೇಕಾದದ್ದು. ಯಂತ್ರ ಕಳಿಸಿದ ಪ್ರಕರಣಗಳಲ್ಲಿ ನೂರಕ್ಕೆ 80ರಿಂದ 95ರಲ್ಲಿ ಮೋಸ ಸಾಬೀತಾಯಿತು. ಆಟಗಾರರು ತಾವೇ ಕೊಟ್ಟ ದೂರುಗಳಲ್ಲಿ ಸಾಬೀತಾದದ್ದು ನೂರಕ್ಕೆ 15ರಿಂದ 30 ಮಾತ್ರ. ಅಂದರೆ ಸೋತ ಸಿಟ್ಟಿನಲ್ಲಿ "ಹ್ಯಾಕರ್" ಎಂದು ಬೆರಳು ತೋರಿಸಿದ ಹತ್ತು ಸಲದಲ್ಲಿ ಏಳು ಸಲವಾದರೂ ಅದನ್ನು ರುಜುಪಡಿಸಲು ಆಗಲಿಲ್ಲ. ನಮಗಿಂತ ಚೆನ್ನಾಗಿ ಆಡುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅದನ್ನು ಒಪ್ಪಿಕೊಳ್ಳುವುದು ಹನ್ನೆರಡು ವರ್ಷದವನಿಗೂ ಕಷ್ಟ, ಇಪ್ಪತ್ತೆರಡರವನಿಗೂ ಕಷ್ಟ.

ಹಾಗೆಂದು ಮೋಸ ಕಡಿಮೆ ಎಂದು ತಿಳಿಯಬೇಡಿ. ಪಬ್‌ಜಿಯ ಜಾಗಕ್ಕೆ 2021ರಲ್ಲಿ ಬಂದ ಬಿಜಿಎಂಐ ಆಟದಲ್ಲಿ, ಆ ವರ್ಷದ ಅಕ್ಟೋಬರ್ ಮೊದಲಿನಿಂದ ನವೆಂಬರ್ 10ರ ತನಕ ಸುಮಾರು ನಲವತ್ತು ದಿನಗಳಲ್ಲೇ 25 ಲಕ್ಷಕ್ಕೂ ಹೆಚ್ಚು ಖಾತೆಗಳನ್ನು ಶಾಶ್ವತವಾಗಿ ಮುಚ್ಚಿದ್ದಾಗಿ ಕಂಪನಿ ಹೇಳಿತು. ಒಂದು ಖಾತೆ ಮುಚ್ಚಿದರೆ ಮತ್ತೊಂದು ತೆರೆಯುವುದಕ್ಕೆ ಖರ್ಚಿಲ್ಲ. ಆದ್ದರಿಂದಲೇ ಈಗ ಖಾತೆಯ ಜೊತೆಗೆ ಆ ಫೋನನ್ನೇ ಗುರುತಿಟ್ಟು ತಡೆಯುತ್ತಾರೆ.

ಹಿಡಿಯುವವರ ಜಾಣತನದ ಒಂದು ಉದಾಹರಣೆ ಹೇಳುತ್ತೇನೆ. 2023ರ ಫೆಬ್ರವರಿಯಲ್ಲಿ ಡೋಟ 2 ಎಂಬ ಆಟದಲ್ಲಿ 40,000ಕ್ಕೂ ಹೆಚ್ಚು ಖಾತೆಗಳನ್ನು ಒಂದೇ ಏಟಿಗೆ ಹೊರಗೆ ಹಾಕಿದರು. ಹೇಗೆ? ಆಟದೊಳಗೆ ಒಂದಿಷ್ಟು ಮಾಹಿತಿಯನ್ನು ಅಡಗಿಸಿಟ್ಟರು. ಸರಿಯಾಗಿ ಆಡುವವನ ಯಂತ್ರ ಅದನ್ನು ಎಂದೂ ಓದುವುದಿಲ್ಲ, ಓದುವ ಅಗತ್ಯವೇ ಬರುವುದಿಲ್ಲ. ಮೋಸದ ತಂತ್ರಾಂಶ ಮಾತ್ರ ಎಲ್ಲವನ್ನೂ ಕೆದಕುತ್ತಾ ಅದನ್ನೂ ಓದುತ್ತದೆ. ಓದಿದವರು ಯಾರೆಂದು ಪಟ್ಟಿ ಮಾಡಿ, ಸಾಕಷ್ಟು ಹೆಸರು ಬಂದ ಮೇಲೆ ಬಾಗಿಲು ಹಾಕಿದರು. ಮೋಸ ಕಂಡ ಕೂಡಲೇ ಹೊರಹಾಕದೆ, ಕಾದು ಒಟ್ಟಿಗೆ ಹಿಡಿಯುವ ಪದ್ಧತಿಗೆ ಕಾರಣವಿದೆ. ಮಾಡಿದ ಕೂಡಲೇ ಸಿಕ್ಕಿಬಿದ್ದರೆ ತನ್ನ ಯಾವ ಕೈಚಳಕ ಬಯಲಾಯಿತು ಎಂದು ಮೋಸಗಾರನಿಗೆ ಗೊತ್ತಾಗಿಬಿಡುತ್ತದೆ.

ಇನ್ನು ಉಳ್ಳಾಲದ ಮಕ್ಕಳ ಅನುಮಾನಕ್ಕೆ ಬರುತ್ತೇನೆ. ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ಆಡುವುದನ್ನು ಸರ್ವರ್ ಹಿಡಿಯಬಲ್ಲದೇ? ಬೇರೆ ಊರಿನಿಂದ, ಬೇರೆ ಫೋನಿನಿಂದ ಆಡಿದರೆ ಸುಳಿವು ಸಿಗುತ್ತದೆ. ಅದೇ ಮನೆಯಲ್ಲಿ ಅದೇ ಫೋನನ್ನು ಅಣ್ಣನ ಕೈಗೆ ಕೊಟ್ಟರೆ ತಿಳಿಯುವುದು ಬಹಳ ಕಷ್ಟ. ಇದಕ್ಕೆ ಸಮೀಪದ ಒಂದು ಪ್ರಕರಣ ನಮ್ಮ ಬೆಂಗಳೂರಿನವರೊಬ್ಬರದ್ದೇ ಇದೆ. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರಕ್ಕಾಗಿ ವಿಶ್ವನಾಥನ್ ಆನಂದ್ ಹಲವು ಗಣ್ಯರ ಜೊತೆ ಆನ್‌ಲೈನಿನಲ್ಲಿ ಚದುರಂಗ ಆಡಿದರು. ಜೆರೋಧಾ ಕಂಪನಿಯ ನಿಖಿಲ್ ಕಾಮತ್ ಅವರು ಆನಂದರನ್ನು ಸೋಲಿಸಿದರು. ನಡೆಗಳು ತೀರಾ ನಿಖರವಾಗಿದ್ದವು. ಅವರ ಖಾತೆಯನ್ನು ಚೆಸ್ ಡಾಟ್ ಕಾಮ್ ಮುಚ್ಚಿತು. ಮರುದಿನ ಕಾಮತ್ ಅವರೇ, ಆಟ ಬಲ್ಲವರ ಮತ್ತು ಕಂಪ್ಯೂಟರಿನ ಸಹಾಯ ಪಡೆದಿದ್ದೆ ಎಂದು ಬಹಿರಂಗವಾಗಿ ಹೇಳಿ ಕ್ಷಮೆ ಕೇಳಿದರು. ಮುಂದೆ ಖಾತೆಯೂ ಮರಳಿ ಸಿಕ್ಕಿತು. ಚದುರಂಗದಲ್ಲಿ ಪ್ರತಿ ನಡೆಯೂ ದಾಖಲಾಗುತ್ತದೆ, ಅದನ್ನು ಕಂಪ್ಯೂಟರಿನ ನಡೆಯೊಂದಿಗೆ ಪಕ್ಕದಲ್ಲಿಟ್ಟು ನೋಡಬಹುದು. ಆದರೂ ಬಲ್ಲವರು ಒಂದೇ ಆಟ ನೋಡಿ ತೀರ್ಪು ಕೊಡಲು ಹಿಂಜರಿಯುತ್ತಾರೆ. ಹತ್ತಾರು ಆಟ ನೋಡುತ್ತಾರೆ, ಆಡುವವನ ಮಟ್ಟಕ್ಕೆ ಹೋಲಿಸುತ್ತಾರೆ.

ಈಗ ಉಳ್ಳಾಲದ ಆ ಸಂಜೆಯನ್ನು ಯೋಚಿಸಿ. ಪಕ್ಕದಲ್ಲಿ ಕೂತು ಆಡುವ ಎಂಬ ಸವಾಲು ಮೂರ್ಖತನದ್ದಲ್ಲ. ದೊಡ್ಡ ದೊಡ್ಡ ಪಂದ್ಯಾವಳಿಗಳಲ್ಲಿ ಮಾಡುವುದೂ ಅದನ್ನೇ, ಎಲ್ಲರನ್ನೂ ಒಂದು ಸಭಾಂಗಣಕ್ಕೆ ಕರೆದು ಕೂರಿಸುತ್ತಾರೆ. ಆದರೆ ಒಂದು ಸೋಲಿನಿಂದ ಏನು ಗೊತ್ತಾಗುತ್ತದೆ? ಎದುರಿಗೆ ದೊಡ್ಡವನು ದುರುಗುಟ್ಟಿ ನೋಡುತ್ತಾ ಕೂತಾಗ ಚಿಕ್ಕವನ ಕೈ ನಡುಗದೇ? ಇಂಥ ಆಟದಲ್ಲಿ ಅದೃಷ್ಟದ ಪಾಲು ಎಷ್ಟು? ಮೊದಲು ಗೆದ್ದದ್ದೆಲ್ಲ ಅವನೇ ಆಡಿ ಗೆದ್ದದ್ದಾಗಿದ್ದು, ಆ ದಿನ ಮಾತ್ರ ಸೋತಿರಬಹುದು. ಅದನ್ನು ಹೇಳಲು ಅಲ್ಲಿ ಮೂರನೆಯವರು ಯಾರೂ ಇರಲಿಲ್ಲ.

ಒಂದೇ ಸಭಾಂಗಣದಲ್ಲಿ ಕೂರಿಸಿದರೆ ಸಾಕು ಎಂದೂ ಅಲ್ಲ. 2018ರ ಅಕ್ಟೋಬರಿನಲ್ಲಿ ಚೀನಾದ ಶಾಂಘೈಯಲ್ಲಿ ನಡೆದ ಕೌಂಟರ್ ಸ್ಟ್ರೈಕ್ ಪಂದ್ಯಾವಳಿಗೆ ಆಪ್ಟಿಕ್ ಇಂಡಿಯಾ ಎಂಬ ಭಾರತದ ತಂಡ ಹೋಗಿತ್ತು. ಫೋರ್ಸೇಕನ್ ಎಂಬ ಆಟದ ಹೆಸರಿನ ಆಟಗಾರ ಪಂದ್ಯದ ಕಂಪ್ಯೂಟರಿನಲ್ಲೇ ಗುರಿ ಹಿಡಿಯುವ ಮೋಸದ ತಂತ್ರಾಂಶ ಹಾಕಿಕೊಂಡಿದ್ದ. ಆ ಕಡತಕ್ಕೆ ಅವನು ಇಟ್ಟ ಹೆಸರು ವರ್ಡ್, ಕಾಗದಪತ್ರ ಬರೆಯುವ ತಂತ್ರಾಂಶದ್ದು. ಸಂಘಟಕರು ನಡುವೆ ಆಟ ನಿಲ್ಲಿಸಿ ಪರೀಕ್ಷಿಸಿದಾಗ ಅದು ಬಯಲಾಯಿತು. ತಂಡ ಹೊರಬಿತ್ತು, ಕಂಪನಿ ತಂಡವನ್ನೇ ವಿಸರ್ಜಿಸಿತು, ಅವನಿಗೆ ಐದು ವರ್ಷ ನಿಷೇಧವಾಯಿತು. ಏನೂ ತಪ್ಪು ಮಾಡದ ನಾಲ್ಕು ಜೊತೆಗಾರರ ವರ್ಷಗಳ ಶ್ರಮವೂ ಆ ಒಂದು ಕಡತದ ಜೊತೆ ಹೋಯಿತು. ನಮ್ಮ ಮಕ್ಕಳಿಗೆ ಹೇಳಬೇಕಾದ ಕಥೆ ಇದು.

ಹಿಡಿಯುವವರೂ ತಪ್ಪುತ್ತಾರೆ. 2010ರಲ್ಲಿ ವಾಲ್ವ್ ಕಂಪನಿಯ ಮೋಸ ಪತ್ತೆ ವ್ಯವಸ್ಥೆಯೇ ಎಡವಿ ಸುಮಾರು 12,000 ನಿರಪರಾಧಿ ಆಟಗಾರರನ್ನು ಹೊರಹಾಕಿತ್ತು. ಕಂಪನಿಯ ಮುಖ್ಯಸ್ಥರೇ ಕ್ಷಮೆ ಕೇಳಿ, ನಿಷೇಧ ತೆಗೆದು, ಪ್ರತಿಯೊಬ್ಬರಿಗೂ ಒಂದು ಆಟವನ್ನು ಉಚಿತವಾಗಿ ಕೊಟ್ಟರು. ಕ್ಷಮೆ ಕೇಳಿದ್ದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಎಷ್ಟು ಕಂಪನಿಗಳು ಹಾಗೆ ಮಾಡುತ್ತವೆ? ಹೆಚ್ಚಿನ ಕಡೆ ಬರುವುದು ಒಂದು ಸಾಲಿನ ಸಂದೇಶ, ನಿಮ್ಮ ಖಾತೆ ಮುಚ್ಚಲಾಗಿದೆ ಎಂದು. ಯಾವ ಆಟದಲ್ಲಿ, ಯಾವ ತಪ್ಪಿಗೆ, ಏನೂ ಇಲ್ಲ. ಹೇಗೆ ಹಿಡಿದೆವು ಎಂದು ಹೇಳಿದರೆ ಮೋಸ ಮಾರುವವರಿಗೆ ಪಾಠವಾಗುತ್ತದೆ ಎಂಬ ಅವರ ವಾದವನ್ನು ನಾನು ಒಪ್ಪುತ್ತೇನೆ. ಹಿಡಿದ ಉಪಾಯ ಗುಟ್ಟಾಗಿರಲಿ. ಆದರೆ ಯಾವ ದಿನದ ಯಾವ ಆಟದಲ್ಲಿ ಯಾವ ಬಗೆಯ ಮೋಸ ಎಂದು ತಿಳಿಸಲು ಏನು ಅಡ್ಡಿ? ಮೇಲ್ಮನವಿಯನ್ನು ಒಬ್ಬ ಮನುಷ್ಯ ಓದಿ ಉತ್ತರಿಸಲು ಏನು ಅಡ್ಡಿ?

ತೀರ್ಪು ಸೋತವನಿಗೂ ಕಾಣುವಂತಿರಬೇಕು ಎಂಬುದು ಕಂಬಳ ನೋಡಿದ ನಮಗೆ ಹೊಸ ವಿಚಾರವಲ್ಲ. ಕಕ್ಯಪದವಿರಲಿ, ಹೊಕ್ಕಾಡಿಗೋಳಿಯಿರಲಿ, ವೇಣೂರು ಮೂಡುಬಿದಿರೆಯಿರಲಿ, ಕೆಸರಿನ ಎರಡು ಕರೆಗಳಲ್ಲಿ, ಓಟ ಶುರುವಾಗುವ ಗಂತಿನಿಂದ ಬಿಟ್ಟ ಎರಡು ಜೊತೆ ಕೋಣಗಳು ಓಟ ಮುಗಿಯುವ ಮಂಜೊಟ್ಟಿ ಮುಟ್ಟುವಾಗ ವ್ಯತ್ಯಾಸ ಕೆಲವೊಮ್ಮೆ ಬರಿಗಣ್ಣಿಗೆ ಹಿಡಿಯುವಷ್ಟು ಇರುವುದಿಲ್ಲ. ಕಣ್ಣನ್ನೇ ನಂಬಿದ್ದ ಕಾಲದಲ್ಲಿ ತಕರಾರಿಗೆ ಜಾಗವಿತ್ತು. ಈಗ ಲೇಸರ್ ಕಿರಣವಿದೆ, ಸೆಕೆಂಡಿನ ನೂರನೇ ಭಾಗ ತೋರಿಸುವ ಗಡಿಯಾರವಿದೆ, ವಿಡಿಯೋ ಇದೆ. ಸೋತ ಕೋಣಗಳ ಯಜಮಾನರೂ ಗೆದ್ದವರು ನೋಡುವ ಅದೇ ಅಂಕಿಯನ್ನು ನೋಡುತ್ತಾರೆ. ಆದರೂ ಅಂಕಿಯನ್ನು ಅದು ಅಳೆದಷ್ಟಕ್ಕೇ ಓದಬೇಕು. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ದಾಖಲಾಯಿತು. ಯಾರೋ ಅದನ್ನು ಭಾಗಿಸಿ ನೂರು ಮೀಟರಿಗೆ 9.55 ಎಂದರು. ದೇಶವಿಡೀ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಕೋಣಗಳೊಂದಿಗೆ ಕೆಸರಿನಲ್ಲಿ ಓಡುವುದು ಬೇರೆ, ಟ್ರ್ಯಾಕಿನಲ್ಲಿ ಒಬ್ಬನೇ ಓಡುವುದು ಬೇರೆ ಎಂದು ಗೌಡರಿಗೆ ಗೊತ್ತಿತ್ತು. ಕ್ರೀಡಾ ಪ್ರಾಧಿಕಾರದ ಪರೀಕ್ಷಾ ಓಟಕ್ಕೆ ಅವರು ಹೋಗಲಿಲ್ಲ. ಆನ್‌ಲೈನ್ ಆಟದಲ್ಲೂ ನೂರಕ್ಕೆ ಇಷ್ಟು ಗುಂಡು ತಲೆಗೇ ತಾಗಿತು ಎಂಬ ಒಂದು ಅಂಕಿಯನ್ನು ಹಿಡಿದು ಒಬ್ಬನನ್ನು ಮೋಸಗಾರ ಎನ್ನುವವರಿದ್ದಾರೆ.

ತಂದೆತಾಯಂದಿರಿಗೆ ಒಂದು ಮಾತು. ಮೋಸದ ತಂತ್ರಾಂಶವನ್ನು ಮಕ್ಕಳು ಮಾಡುವುದಿಲ್ಲ, ತರಿಸಿಕೊಳ್ಳುತ್ತಾರೆ. ಟೆಲಿಗ್ರಾಂ ಗುಂಪುಗಳಲ್ಲಿ ಅದರ ಮಾರಾಟವಿದೆ. ಅದನ್ನು ಹಾಕಿಕೊಳ್ಳಲು ಫೋನಿನ ರಕ್ಷಣೆಯನ್ನು ಆಫ್ ಮಾಡಿ ಎನ್ನುತ್ತಾರೆ, ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಮಗ ಆಡುವ ಫೋನಿನಲ್ಲೇ ಅಪ್ಪನ ಗೂಗಲ್ ಪೇ ಇದೆ, ಸೊಸೈಟಿಯ ಅಡಿಕೆ ದುಡ್ಡು ಬಂದ ಬ್ಯಾಂಕಿನ ಆ್ಯಪ್ ಇದೆ. ಒಟಿಪಿ ಬರುವುದೂ ಅದಕ್ಕೇ. ಗುರುತಿಲ್ಲದವನು ಬರೆದ ತಂತ್ರಾಂಶಕ್ಕೆ ಆ ಫೋನನ್ನು ಒಪ್ಪಿಸುವುದೆಂದರೆ ಏನೆಂದು ಮಗನಿಗೆ ಕೂರಿಸಿ ಹೇಳಿ. ಕಂಪ್ಯೂಟರಿನಲ್ಲಿ ಆಡುವ ಕೆಲವು ಆಟಗಳ ಮೋಸ ಪತ್ತೆ ತಂತ್ರಾಂಶವೂ ಕಂಪ್ಯೂಟರಿನ ಆಳಕ್ಕೆ ಇಳಿದು, ಅದನ್ನು ಆನ್ ಮಾಡಿದ ಗಳಿಗೆಯಿಂದಲೇ ಕಾವಲು ಕೂರುತ್ತದೆ. ಕಚೇರಿ ಕೆಲಸದ ಲ್ಯಾಪ್‌ಟಾಪಿನಲ್ಲಿ ಅಂಥ ಆಟ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್ ಎಂಬ ಆನ್‌ಲೈನ್ ಆಟದ ಪಂದ್ಯಗಳನ್ನು ಬೇರೆಯಾಗಿಟ್ಟು ಮಾನ್ಯ ಮಾಡಿತು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕಗಳೂ ಇದ್ದವು. ಹಾಗಾಗಿ ನಮ್ಮ ಯುವಕ ಮಂಡಲಗಳು ವಾಲಿಬಾಲ್, ಕಬಡ್ಡಿಯ ಜೊತೆ ಈ ಪಂದ್ಯವನ್ನೂ ಇಡುವ ದಿನ ದೂರವಿಲ್ಲ. ಕಲ್ಲಡ್ಕದಲ್ಲಿ ಯಾರಾದರೂ ಇಡುವುದಾದರೆ, ಕೆಲವು ಮಾತು ಕೇಳಿಕೊಳ್ಳುತ್ತೇನೆ. ಅವರವರ ಮನೆಯಲ್ಲಿ ಕೂತು ಆಡುವುದು ಬೇಡ, ಎಲ್ಲರೂ ಒಂದೇ ಹಾಲಿನಲ್ಲಿ, ಎಲ್ಲರಿಗೂ ಒಂದೇ ವೈಫೈ. ಫೋನುಗಳನ್ನು ಮೊದಲೇ ತೆಗೆದುಕೊಂಡು ನೋಡಿ. ಪ್ರತಿ ಫೋನಿನ ಪರದೆಯೂ ರೆಕಾರ್ಡ್ ಆಗಲಿ. ಒಂದೇ ಆಟದಲ್ಲಿ ನಿರ್ಧರಿಸಬೇಡಿ, ಐದಾದರೂ ಆಡಿಸಿ. ಯೂಟ್ಯೂಬಿನಲ್ಲಿ ನೇರ ತೋರಿಸುವುದಾದರೆ ಕೆಲವು ನಿಮಿಷ ತಡವಾಗಿ ತೋರಿಸಿ, ಇಲ್ಲವಾದರೆ ನೋಡುತ್ತಿರುವ ಗೆಳೆಯ ಎದುರಾಳಿ ಎಲ್ಲಿದ್ದಾನೆ ಎಂದು ಹೇಳಿಬಿಡುತ್ತಾನೆ. ಆಡದವರೊಬ್ಬರು, ಎರಡೂ ಕಡೆಯವರು ಗೌರವಿಸುವ ಒಬ್ಬರು, ತೀರ್ಪುಗಾರರಾಗಿರಲಿ. ದೂರು ಇದ್ದವರು ಕೂಗಾಡದೆ ಅವರಿಗೆ ಒಂದು ಚೀಟಿಯಲ್ಲಿ ಬರೆದುಕೊಡಲಿ. ಆ ರೆಕಾರ್ಡನ್ನು ಎರಡೂ ತಂಡಗಳನ್ನು ಕೂರಿಸಿಕೊಂಡು ನೋಡಿ. ಮೋಸ ಕಂಡರೆ ತಂಡವನ್ನು ಕೈಬಿಡಿ. ಏನೂ ಕಾಣದಿದ್ದರೆ, ಹ್ಯಾಕರ್ ಎಂದು ಕರೆಸಿಕೊಂಡ ಹುಡುಗ ಸರಿಯಾಗಿಯೇ ಆಡಿದ್ದಾನೆ ಎಂಬುದನ್ನು ಬಹುಮಾನ ಸಾರುವ ಅದೇ ಮೈಕಿನಲ್ಲಿ, ಅವನ ಹೆಸರು ಹಿಡಿದು ಹೇಳಿ.